ಸ್ಪಾರ್ಕ್ ಪ್ಲಗ್: ಎಸೆಯುವ ಮುನ್ನ ಮುಖ ನೋಡಿ

ಬೆಳಿಗ್ಗೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುವುದಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ. ಏರು ದಾರಿಯಲ್ಲಿ ಮೊದಲಿನ ಪಿಕಪ್ ಇಲ್ಲ. ಪೆಟ್ರೋಲ್ ಖರ್ಚೂ ಹೆಚ್ಚಿದೆ. ಇಂತಹ ದೂರು ಹೊತ್ತು ಗ್ಯಾರೇಜಿಗೆ ಹೋದರೆ ಮೊದಲು ಕೇಳಿಬರುವ ಮಾತು, 'ಪ್ಲಗ್ ಹೋಗಿದೆ, ಬದಲಾಯಿಸೋಣ'. ಎಷ್ಟೋ ವೇಳೆ ಅದು ನಿಜವೇ. ಆದರೆ ಪ್ಲಗ್ ಕೆಡಲು ಕಾರಣ ಬೇರೆಡೆ ಇದ್ದರೆ, ಹೊಸ ಪ್ಲಗ್ ಕೂಡ ಬೇಗನೆ ಹಳೆಯದರ ಹಾದಿ ಹಿಡಿಯುತ್ತದೆ. ಎಂಜಿನ್ನಿನ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಹೊರಗೆ ತಂದು ತೋರಿಸುವ ಭಾಗ ಅದು. ಅದನ್ನು ಓದುವುದು ಕಷ್ಟವಲ್ಲ.

ಕಿಡಿ ಹುಟ್ಟುವ ಬಗೆ

ಕಾರಿನ ಬ್ಯಾಟರಿ ಕೊಡುವುದು ಕೇವಲ 12 ವೋಲ್ಟ್. ನಾವು ಉಸಿರಾಡುವ ಒತ್ತಡದ ಗಾಳಿಯಲ್ಲಿ ಒಂದು ಮಿಲಿಮೀಟರ್ ಅಂತರ ದಾಟಲು ಕಿಡಿಗೆ ಸುಮಾರು 3000 ವೋಲ್ಟ್ ಬೇಕು. ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರಿ ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣವನ್ನು ಒತ್ತಿರುತ್ತದೆ. ಒತ್ತಡ ಹೆಚ್ಚಿದಂತೆ ಕಿಡಿ ಹಾರುವುದು ಕಷ್ಟ. ಆದ್ದರಿಂದ ಅಲ್ಲಿ 10,000ದಿಂದ 30,000 ವೋಲ್ಟ್, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಇದನ್ನು ಒದಗಿಸುವುದು ಇಗ್ನಿಷನ್ ಕಾಯಿಲ್. ಕಡಿಮೆ ಸುತ್ತುಗಳ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದಾಗ, ಪಕ್ಕದ ಸಾವಿರಾರು ಸುತ್ತುಗಳ ತಂತಿಯಲ್ಲಿ ಭಾರಿ ವೋಲ್ಟೇಜ್ ಉಂಟಾಗುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡ ವಿದ್ಯುತ್ಕಾಂತೀಯ ಪ್ರೇರಣೆಯ ತತ್ತ್ವವೇ ಇದು.

ಪ್ಲಗ್ಗಿನ ನಡುವೆ ಒಂದು ವಿದ್ಯುದ್ವಾರ, ಅದರ ಎದುರಿಗೆ ಬಾಗಿದ ಇನ್ನೊಂದು. ಇವೆರಡರ ನಡುವಿನ ಅಂತರವೇ 'ಗ್ಯಾಪ್'. ಬಹುಪಾಲು ಕಾರುಗಳಲ್ಲಿ ಇದು 0.7ರಿಂದ 1.1 ಮಿಲಿಮೀಟರ್. ಹೊರಗೆ ಕಾಣುವ ಬಿಳಿಯ ಭಾಗ ಪಿಂಗಾಣಿಯಂತೆ ತೋರಿದರೂ ಅದು ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ವಿದ್ಯುತ್ತು ಅಡ್ಡದಾರಿ ಹಿಡಿಯದಂತೆ ತಡೆಯುವುದು ಇದರ ಕೆಲಸ.

ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಬಹುಕಾಲ ನಿಂತ ಹೆಸರು 'ಮೈಕೋ ಪ್ಲಗ್'. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂಬ ಹೆಸರು ಪಡೆಯಿತು. ಬಾಷ್ ಸಂಸ್ಥೆಯ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಜತೆಗೆ ಬಳಸಬಲ್ಲ ಪ್ಲಗ್ಗನ್ನು ರೂಪಿಸಿದ್ದು 1902ರಲ್ಲಿ.

ಎರಡು ತಾಪಗಳ ನಡುವೆ

ಪ್ಲಗ್ಗಿನ ತುದಿ ತೀರ ತಣ್ಣಗಿರಬಾರದು, ತೀರ ಕಾಯಲೂಬಾರದು. ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ತುದಿಯಲ್ಲಿ ಕೂತ ಮಸಿ ತಾನಾಗಿ ಉರಿದುಹೋಗುತ್ತದೆ. 850 ಡಿಗ್ರಿಗಿಂತ ಹೆಚ್ಚು ಕಾದರೆ ತುದಿಯೇ ಕೆಂಡದಂತಾಗಿ, ಕಿಡಿ ಹಾರುವ ಮೊದಲೇ ಮಿಶ್ರಣಕ್ಕೆ ಬೆಂಕಿ ಹೊತ್ತಿಸಬಹುದು. ಹೀಗೆ ಅಕಾಲದಲ್ಲಿ ಹೊತ್ತಿಕೊಂಡರೆ ಪಿಸ್ಟನ್ನಿಗೇ ತೂತು ಬೀಳುವ ಅಪಾಯವಿದೆ.

ತುದಿಯ ಶಾಖದ ದೊಡ್ಡ ಪಾಲು ಥ್ರೆಡ್ ಮತ್ತು ವಾಷರ್ ಮೂಲಕ ಸಿಲಿಂಡರ್ ಹೆಡ್‌ಗೆ ಹರಿದುಹೋಗುತ್ತದೆ. ಶಾಖವನ್ನು ಬೇಗ ಸಾಗಿಸುವ ಪ್ಲಗ್ 'ತಂಪು', ನಿಧಾನವಾಗಿ ಸಾಗಿಸುವುದು 'ಬಿಸಿ'. ಪ್ಲಗ್ಗಿನ ಮೇಲಿನ ಸಂಕೇತದಲ್ಲಿ ಇದಕ್ಕೊಂದು ಅಂಕಿ ಇರುತ್ತದೆ. ಆದರೆ ಎಚ್ಚರ! ಎನ್‌ಜಿಕೆ ಮತ್ತು ಡೆನ್ಸೊ ಪ್ಲಗ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಂಪು; ಬಾಷ್ ಮತ್ತು ಚಾಂಪಿಯನ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಬಿಸಿ. ಆದ್ದರಿಂದ 'ಅದೇ ನಂಬರಿನ ಬೇರೆ ಕಂಪನಿಯದು' ಎಂದು ಕೊಳ್ಳಬೇಡಿ. ಕಾರಿನ ಕೈಪಿಡಿಯಲ್ಲಿ ಸೂಚಿಸಿದ ಪೂರ್ಣ ಸಂಕೇತವನ್ನೇ ಬರೆದುಕೊಂಡು ಅಂಗಡಿಗೆ ಹೋಗಿ.

ಬಣ್ಣ ಹೇಳುವ ಸುದ್ದಿ

ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಟ್ಟುಕೊಂಡು ನೋಡಿ.

ತಿಳಿ ಕಂದು ಅಥವಾ ಬೂದು ಬಣ್ಣ: ಎಲ್ಲವೂ ಸರಿಯಾಗಿದೆ.

ಒಣ ಕಪ್ಪು ಮಸಿ: ಪೆಟ್ರೋಲ್ ಪೂರ್ತಿ ಉರಿಯುತ್ತಿಲ್ಲ. ಏರ್ ಫಿಲ್ಟರ್ ಕಟ್ಟಿರಬಹುದು, ಪೆಟ್ರೋಲ್ ಹೆಚ್ಚು ಸೇರುತ್ತಿರಬಹುದು. ದಿನವೂ ಒಂದೆರಡು ಕಿಲೋಮೀಟರ್ ಮಾತ್ರ ಓಡಿ ನಿಲ್ಲುವ ಕಾರಿನಲ್ಲಿ ತುದಿ ಸಾಕಷ್ಟು ಕಾಯದೆಯೂ ಹೀಗಾಗುತ್ತದೆ. ಮಸಿ ಇಂಗಾಲವಾದ್ದರಿಂದ ವಿದ್ಯುತ್ತು ಅದರ ಮೂಲಕ ಸೋರಿ, ಕಿಡಿ ಸಪ್ಪೆಯಾಗುತ್ತದೆ.

ಎಣ್ಣೆಯ ಜಿಡ್ಡು: ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದು ಎಂಜಿನ್ ಆಯಿಲ್ ಒಳಗೆ ಬರುತ್ತಿದೆ. ಇದಕ್ಕೆ ಹೊಸ ಪ್ಲಗ್ ಔಷಧವಲ್ಲ.

ಸುಣ್ಣದಂತಹ ಬಿಳುಪು, ಗುಳ್ಳೆಗಳು: ಅತಿ ಶಾಖ. ಪೆಟ್ರೋಲ್ ಕಡಿಮೆ ಬೀಳುತ್ತಿರಬಹುದು, ಕೂಲೆಂಟ್ ವ್ಯವಸ್ಥೆಯಲ್ಲಿ ದೋಷವಿರಬಹುದು, ಅಥವಾ ಪ್ಲಗ್ಗೇ ಸಡಿಲವಾಗಿದ್ದು ಶಾಖ ಹೊರಹೋಗಲು ದಾರಿ ಇಲ್ಲದಿರಬಹುದು.

ನಾಲ್ಕರಲ್ಲಿ ಒಂದು ಮಾತ್ರ ಬೇರೆ ಬಣ್ಣದ್ದಾದರೆ ದೋಷವನ್ನು ಆ ಸಿಲಿಂಡರಿನಲ್ಲೇ ಹುಡುಕಬೇಕು. ನಾಲ್ಕೂ ಒಂದೇ ಬಣ್ಣಕ್ಕೆ ತಿರುಗಿದ್ದರೆ, ಎಲ್ಲಕ್ಕೂ ಸಾಮಾನ್ಯವಾದ ಗಾಳಿ ಅಥವಾ ಇಂಧನದ ದಾರಿಯನ್ನು ನೋಡಬೇಕು.

ಎಷ್ಟು ದಿನ ಬಾಳುತ್ತದೆ?

ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದು ಕಿಡಿ ಬೇಕು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಆಗ ಪ್ರತಿ ಪ್ಲಗ್ ನಿಮಿಷಕ್ಕೆ 1000 ಕಿಡಿ ಕೊಡುತ್ತದೆ. 40,000 ಕಿಲೋಮೀಟರ್ ಓಡಲು 800 ಗಂಟೆ. ಅಷ್ಟರಲ್ಲಿ ಹಾರಿದ ಕಿಡಿಗಳು 4.8 ಕೋಟಿ! ಪ್ರತಿ ಕಿಡಿಯೂ ಲೋಹವನ್ನು ಅಷ್ಟಿಷ್ಟು ಕೊರೆಯುತ್ತದೆ. ಅಂಚುಗಳು ಮೊಂಡಾಗಿ ಗ್ಯಾಪ್ ಹಿಗ್ಗುತ್ತದೆ. ಗ್ಯಾಪ್ ಹಿಗ್ಗಿದಷ್ಟೂ ಹೆಚ್ಚು ವೋಲ್ಟೇಜ್ ಬೇಕು; ಆ ಹೊರೆ ಬೀಳುವುದು ಕಾಯಿಲ್ ಮೇಲೆ.

ಸಾಮಾನ್ಯ ನಿಕ್ಕಲ್ ಪ್ಲಗ್ ಸುಮಾರು 30,000ದಿಂದ 40,000 ಕಿಲೋಮೀಟರ್ ಬಾಳುತ್ತದೆ. ನಿಕ್ಕಲ್ 1455 ಡಿಗ್ರಿಯಲ್ಲಿ ಕರಗಿದರೆ ಪ್ಲಾಟಿನಂ 1768, ಇರಿಡಿಯಂ 2446 ಡಿಗ್ರಿಯಲ್ಲಿ ಕರಗುತ್ತವೆ. ಈ ಲೋಹಗಳ ತುದಿಯುಳ್ಳ ದೀರ್ಘಾಯುಷಿ ಪ್ಲಗ್‌ಗಳು ಲಕ್ಷ ಕಿಲೋಮೀಟರ್‌ವರೆಗೂ ಬರಬಲ್ಲವು. ಸಿಎನ್‌ಜಿ ಮಿಶ್ರಣಕ್ಕೆ ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕಾದ್ದರಿಂದ ಸಿಎನ್‌ಜಿ ಕಾರುಗಳಲ್ಲಿ ಪ್ಲಗ್ ಬೇಗ ಸವೆಯುತ್ತದೆ. ಅಂತಿಮ ಮಾತು ನಿಮ್ಮ ಕಾರಿನ ಕೈಪಿಡಿಯದೇ.

'ಹೇಗೋ ಓಡುತ್ತಿದೆಯಲ್ಲ' ಎಂದು ಮುಂದೂಡುವುದು ಲಾಭವಲ್ಲ. ಕಿಡಿ ತಪ್ಪಿದಾಗ ಉರಿಯದ ಪೆಟ್ರೋಲ್ ಹೊಗೆ ಕೊಳವೆಯ ವೇಗವರ್ಧಕ ಪರಿವರ್ತಕಕ್ಕೆ ಹೋಗಿ ಅಲ್ಲಿ ಉರಿಯುತ್ತದೆ. ಶಾಖ ಮಿತಿಮೀರಿ ಅದರ ಜೇನುಗೂಡಿನಂತಹ ರಚನೆ ಕರಗಬಹುದು. ಪ್ಲಗ್ಗಿನ ಬೆಲೆಗೂ ಪರಿವರ್ತಕದ ಬೆಲೆಗೂ ಹೋಲಿಕೆಯೇ ಇಲ್ಲ. ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಮಿನುಗತೊಡಗಿದರೆ ವೇಗ ತಗ್ಗಿಸಿ, ಆದಷ್ಟು ಬೇಗ ಪರೀಕ್ಷೆ ಮಾಡಿಸಿ.

ಬಿಚ್ಚುವಾಗ, ಕೂರಿಸುವಾಗ

1. ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿಯಿರುವ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ಬಿಚ್ಚಿದರೆ ಥ್ರೆಡ್ ಕಿತ್ತುಬರಬಹುದು. ಇಗ್ನಿಷನ್ ಆಫ್ ಮಾಡಿ, ಕೀ ತೆಗೆದಿಡಿ.

2. ಕಾಯಿಲ್ ಅಥವಾ ಪ್ಲಗ್ ಕ್ಯಾಪನ್ನು ತುಸು ತಿರುಗಿಸಿ ಮೇಲೆತ್ತಿ; ತಂತಿ ಹಿಡಿದು ಎಳೆಯಬೇಡಿ. ತಂತಿಗಳಿರುವ ಹಳೆಯ ಕಾರಾದರೆ ಒಂದೊಂದೇ ಪ್ಲಗ್ ಬದಲಿಸಿ. ತಂತಿಗಳು ಅದಲುಬದಲಾದರೆ ಕಿಡಿಯ ಕ್ರಮ ತಪ್ಪುತ್ತದೆ.

3. ಪ್ಲಗ್ ಬಿಚ್ಚುವ ಮುನ್ನ ಸುತ್ತಲಿನ ದೂಳನ್ನು ಗಾಳಿ ಊದಿ ತೆಗೆಯಿರಿ. ಒಂದು ಮರಳ ಕಣ ಒಳಗೆ ಬಿದ್ದರೂ ಸಿಲಿಂಡರಿನ ಗೋಡೆಗೆ ಗೀರು ಬೀಳುತ್ತದೆ.

4. ಹೊಸ ನಿಕ್ಕಲ್ ಪ್ಲಗ್ಗಿನ ಗ್ಯಾಪನ್ನು ಫೀಲರ್ ಗೇಜಿನಿಂದ ಅಳೆಯಿರಿ. ಹೆಚ್ಚುಕಡಿಮೆ ಇದ್ದರೆ ಹೊರಗಿನ ವಿದ್ಯುದ್ವಾರವನ್ನು ಮಾತ್ರ ಬಾಗಿಸಿ. ಇರಿಡಿಯಂ ಪ್ಲಗ್ಗಿನ ತುದಿ ಬಹು ಸೂಕ್ಷ್ಮ. ಅದನ್ನು ಮುಟ್ಟದಿರುವುದೇ ಲೇಸು.

5. ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಿ. ಆಳವಾದ ಜಾಗವಾದರೆ ಪ್ಲಗ್ಗಿನ ಹಿಂತುದಿಗೆ ರಬ್ಬರ್ ಕೊಳವೆಯ ತುಂಡು ಸಿಕ್ಕಿಸಿ ತಿರುಗಿಸಬಹುದು. ಥ್ರೆಡ್ ಓರೆಯಾದರೆ ಕೊಳವೆ ಜಾರುತ್ತದೆ, ಹೆಡ್ ಉಳಿಯುತ್ತದೆ.

6. 14 ಮಿಲಿಮೀಟರ್ ಥ್ರೆಡ್ಡಿನ, ವಾಷರ್ ಇರುವ ಹೊಸ ಪ್ಲಗ್ಗನ್ನು ಕೈಬಿಗಿ ಆದ ಮೇಲೆ ಸ್ಪ್ಯಾನರಿನಿಂದ ಅರ್ಧದಿಂದ ಮೂರನೇ ಎರಡು ಸುತ್ತು ಬಿಗಿಯಬೇಕು; ಅಳತೆಯಲ್ಲಿ ಸುಮಾರು 25 ನ್ಯೂಟನ್ ಮೀಟರ್. ಹಳೆಯದನ್ನೇ ಮತ್ತೆ ಹಾಕುವಾಗ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಹನ್ನೆರಡನೇ ಒಂದು ಸುತ್ತು ಸಾಕು. ವಾಷರ್ ಇಲ್ಲದ, ಇಳಿಜಾರು ಅಂಚಿನ ಪ್ಲಗ್ಗಿಗೆ ಹದಿನಾರನೇ ಒಂದು ಸುತ್ತು. ಲೇಪವಿರುವ ಥ್ರೆಡ್ಡಿಗೆ ಗ್ರೀಸ್ ಹಚ್ಚಬೇಡಿ; ಜಾರುವಿಕೆಯಿಂದ ನಮಗರಿವಿಲ್ಲದೆ ಹೆಚ್ಚು ಬಿಗಿಯುತ್ತೇವೆ.

ಉಜ್ಜಿ ಮತ್ತೆ ಹಾಕಬಹುದೆ?

ಪ್ಲಗ್ಗನ್ನು ಎಮರಿ ಕಾಗದದಿಂದ ಉಜ್ಜಿ ಹಾಕುವುದು ರಸ್ತೆ ಬದಿಯಲ್ಲಿ ಕಾಣುವ ರೂಢಿ. ದಾರಿ ಮಧ್ಯೆ ನಿಂತ ಕಾರನ್ನು ಮನೆ ಮುಟ್ಟಿಸಲು ಇದು ಆದೀತು. ಆದರೆ ಉಕ್ಕಿನ ಬ್ರಷ್‌ನಿಂದ ತಿಕ್ಕಿದರೆ ಬಿಳಿಯ ಭಾಗದ ಮೇಲೆ ಲೋಹದ ಗೆರೆ ಉಳಿದು ವಿದ್ಯುತ್ತು ಸೋರುವ ದಾರಿಯಾಗುತ್ತದೆ. ಸವೆದ ಲೋಹವಂತೂ ಉಜ್ಜಿದರೆ ಮರಳಿ ಬರುವುದಿಲ್ಲ.

ಮುಂದಿನ ಸಲ ಸರ್ವಿಸಿಗೆ ಕಾರು ಬಿಟ್ಟಾಗ ಹಳೆಯ ಪ್ಲಗ್‌ಗಳನ್ನು ಕೇಳಿ ಪಡೆದು ನೋಡಿ. ತಿಳಿ ಕಂದು ಬಣ್ಣವಿದ್ದರೆ ನಿಶ್ಚಿಂತೆ. ಮಸಿ, ಜಿಡ್ಡು, ಬಿಳುಪು ಕಂಡರೆ ಕಾರಣ ಹುಡುಕಿಸಿ, ಆ ಮೇಲೆ ಬಿಲ್ ಕಟ್ಟಿ.