ತೊಳೆದಷ್ಟೂ ತೀರದ ಕೊಳೆ: ಪರದೇಶದಲ್ಲಿ ಶುಚಿತ್ವದ ಗೀಳು

ನಜ್ರಾನ್ ಸೌದಿ ಅರೇಬಿಯಾದ ನೈರುತ್ಯ ಮೂಲೆಯಲ್ಲಿ, ಯೆಮನ್ ಗಡಿಗೆ ಅಂಟಿಕೊಂಡಿರುವ ಊರು. ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರ. ಸುತ್ತ ಬೋಳು ಬೆಟ್ಟಗಳು, ನಡುವೆ ಖರ್ಜೂರದ ತೋಟಗಳ ಕಣಿವೆ. ಮಳೆ ಅಪರೂಪ, ಬೀಸುವುದೆಲ್ಲ ಒಣಗಾಳಿ. ಇಂಥಲ್ಲಿ ಕೈ ಕಾಲು ಒಡೆಯುವುದು ಸಾಮಾನ್ಯ. ಸಾಮಾನ್ಯ ವೈದ್ಯನಾಗಿ ಅಲ್ಲಿ ಕೆಲಸ ಮಾಡಿದ ವರ್ಷಗಳಲ್ಲಿ ಒಡೆದ ಕೈಗಳಿಗೆ ನಾನು ಬರೆದುಕೊಟ್ಟ ಮುಲಾಮಿಗೆ ಲೆಕ್ಕವಿಲ್ಲ.

ಆದರೆ ಕೆಲವರ ಕೈಗಳು ಮುಲಾಮಿಗೆ ಬಗ್ಗುತ್ತಿರಲಿಲ್ಲ. ಬೆರಳ ಸಂದುಗಳೆಲ್ಲ ಕೆಂಪಾಗಿ ಸೀಳಿರುತ್ತಿದ್ದವು; ಮುಂಗೈಯವರೆಗೆ ಒರಟಾದ ಚರ್ಮ ಅಲ್ಲಿಗೇ ಗೆರೆ ಎಳೆದಂತೆ ನಿಂತಿರುತ್ತಿತ್ತು. "ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತೀರಿ?" ಎಂದರೆ ಉತ್ತರ ತಡವಾಗಿ ಬರುತ್ತಿತ್ತು. ಚರ್ಮದ ಕಾಯಿಲೆ ಎಂದು ಬಂದವರ ಕಾಯಿಲೆ ಚರ್ಮದ್ದಾಗಿರಲಿಲ್ಲ. ಅದು ಗೀಳು ಮನೋರೋಗ, ಅಂದರೆ ಓ.ಸಿ.ಡಿ. ನಮ್ಮವರು ಅದನ್ನು ಗುರುತಿಸಿ, ನಾಚಿಕೆಯಿಲ್ಲದೆ ಚಿಕಿತ್ಸೆ ಪಡೆಯಲಿ ಎಂಬ ಉದ್ದೇಶದಿಂದ ಈ ಲೇಖನ. ಇಲ್ಲಿ ಬರುವ ವ್ಯಕ್ತಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಶುಚಿಯೋ, ಗೀಳೋ?

ಮಡಿ ಮೈಲಿಗೆಯ ನಡುವೆ ಬೆಳೆದ ನಮಗೆ ಹೆಚ್ಚು ತೊಳೆಯುವವರನ್ನು ಕಂಡರೆ "ತುಂಬಾ ಶುಚಿ" ಎನ್ನಿಸುತ್ತದೆಯೇ ಹೊರತು ರೋಗ ಎನ್ನಿಸುವುದಿಲ್ಲ. ಎರಡಕ್ಕೂ ವ್ಯತ್ಯಾಸವಿದೆ. ಮಡಿಗೆ ಒಂದು ಕ್ರಮವಿದೆ, ಮುಗಿಯುವ ಗಳಿಗೆಯೂ ಇದೆ. ಸ್ನಾನ ಮಾಡಿ, ಪೂಜೆ ಮುಗಿಸಿ, ಊಟವಾದರೆ ಅಜ್ಜಿಯ ಮಡಿ ಅಂದಿಗೆ ಸಂಪನ್ನ. ಮುಸ್ಲಿಂ ಬಂಧುಗಳ ವುಝೂವಿನಲ್ಲೂ ಹಾಗೆಯೇ: ಕೈ, ಮುಖ ತೊಳೆಯುವುದು ಹೆಚ್ಚೆಂದರೆ ಮೂರು ಸಲ, ನೀರೇ ಸಿಗದಿದ್ದರೆ ಶುದ್ಧ ಮಣ್ಣನ್ನು ಮುಟ್ಟಿ ತಯಮ್ಮುಮ್ ಮಾಡಿದರೂ ಸಾಕು. ಗೀಳಿಗೆ ಈ "ಸಾಕು" ಎಂಬುದೇ ಇಲ್ಲ. ಹತ್ತನೆಯ ಸಲ ತೊಳೆದಾಗಲೂ ಮನಸ್ಸು "ಸರಿಯಾಗಿ ಆಯಿತೇ?" ಎಂದು ಕೇಳುತ್ತದೆ.

ಅರಬ್ಬಿಯಲ್ಲಿ ಈ ರೋಗದ ಹೆಸರು 'ಅಲ್-ವಸ್ವಾಸ್ ಅಲ್-ಕಹ್ರಿ'. ವಸ್ವಾಸ್ ಎಂದರೆ ಪಿಸುಗುಟ್ಟುವ ಸಂಶಯ, ಕಹ್ರಿ ಎಂದರೆ ಬಲವಂತದ್ದು. ಕರಾವಳಿಯ ಬ್ಯಾರಿ ಬಂಧುಗಳಿಗೆ ವಸ್ವಾಸ್ ಪದ ಪರಿಚಿತವೇ. 934ರಲ್ಲಿ ತೀರಿಕೊಂಡ ವಿದ್ವಾಂಸ ಅಬು ಜೈದ್ ಅಲ್-ಬಲ್ಖಿ ದೇಹ ಮತ್ತು ಮನಸ್ಸುಗಳ ಪಾಲನೆ ಕುರಿತ ತನ್ನ ಗ್ರಂಥದಲ್ಲಿ ಇಂಥ ಬಿಡದ ಆಲೋಚನೆಗಳ ಬಗ್ಗೆ ಪ್ರತ್ಯೇಕವಾಗಿ ಬರೆದಿದ್ದಾನೆ. ಇದು ಇಂದಿನ ಜೀವನಶೈಲಿ ತಂದ ಕಾಯಿಲೆಯಲ್ಲ. ಮನುಷ್ಯನ ಹಳೆಯ ಕಾಯಿಲೆ.

ವೈದ್ಯರು ನೋಡುವ ಅಳತೆ ಸರಳ. ಬೇಡವೆಂದರೂ ಮತ್ತೆ ಮತ್ತೆ ನುಗ್ಗುವ ಆಲೋಚನೆ, ಅದನ್ನು ಶಮನ ಮಾಡಲು ಮತ್ತೆ ಮತ್ತೆ ಮಾಡುವ ಕ್ರಿಯೆ. ಇವೆರಡೂ ಸೇರಿ ದಿನದ ಒಂದು ಗಂಟೆಗಿಂತ ಹೆಚ್ಚು ಕಾಲವನ್ನು ತಿಂದರೆ, ಅಥವಾ ಉದ್ಯೋಗಕ್ಕೆ, ಸಂಸಾರಕ್ಕೆ ಅಡ್ಡಿಯಾದರೆ, ಅದು ಸ್ವಭಾವವಲ್ಲ, ರೋಗ. ನೂರು ಜನರಲ್ಲಿ ಒಬ್ಬಿಬ್ಬರಿಗೆ ಜೀವನದಲ್ಲಿ ಯಾವಾಗಲಾದರೂ ಇದು ಬರುತ್ತದೆ. ಕೈ ತೊಳೆಯುವ ಗೀಳು ಇದರ ಒಂದು ರೂಪ ಮಾತ್ರ.

ಪರಊರಿನಲ್ಲಿ ಏಕೆ ಉಲ್ಬಣಿಸುತ್ತದೆ?

ಪರದೇಶ ಈ ರೋಗವನ್ನು ಹುಟ್ಟಿಸುವುದಿಲ್ಲ, ಮೊದಲೇ ಇದ್ದುದನ್ನು ಕೆರಳಿಸುತ್ತದೆ. ಒಂದು ಕೋಣೆಯಲ್ಲಿ ಆರು ಜನ, ಎಲ್ಲರಿಗೂ ಸೇರಿ ಒಂದೇ ಬಚ್ಚಲು. ತಾರಸಿಯ ತೊಟ್ಟಿಗೆ ನೀರು ತರುವುದು 'ವಾಯಿತ್' ಎಂದು ಅಲ್ಲಿ ಕರೆಯುವ ಟ್ಯಾಂಕರ್. ಆ ನೀರು ಎಲ್ಲಿಯದು, ಕೊಳವೆ ಎಲ್ಲಿ ಬಿದ್ದಿತ್ತು ಎಂದು ಯೋಚಿಸಲು ಹೊರಟರೆ ಗೀಳಿನ ಮನಸ್ಸಿಗೆ ಕೊನೆಯೇ ಇಲ್ಲ. ಉತ್ತರ ಕರ್ನಾಟಕದಿಂದ ಬಂದಿದ್ದ ಒಬ್ಬ ತರುಣ ಬೆಳಗಿನ ಜಾವ ಮೂರಕ್ಕೇ ಎದ್ದು ಬಚ್ಚಲು ಸೇರುತ್ತಿದ್ದ. ಉಳಿದ ಐವರು ಏಳುವ ಹೊತ್ತಿಗೆ ತೊಟ್ಟಿ ಖಾಲಿ. ಜಗಳವಾಗಿ ಕೋಣೆ ಬಿಡಿಸಿದರು. ಕೆಲಸವೂ ಹೋಗುವುದರಲ್ಲಿತ್ತು. ಕೆಲಸ ಹೋದರೆ ಇಕಾಮಾ ಹೋಗುತ್ತದೆ, ಊರಿನ ಸಾಲ ಮಾತ್ರ ಉಳಿಯುತ್ತದೆ. ಆತನಿಗೆ ಸೋಮಾರಿ ಎಂದೂ ಕೊಬ್ಬು ಎಂದೂ ಹೆಸರು ಬಿದ್ದಿತ್ತೇ ವಿನಾ ರೋಗಿ ಎಂದು ಯಾರೂ ಎಣಿಸಿರಲಿಲ್ಲ.

ಆಸ್ಪತ್ರೆಗಳ ನಮ್ಮ ದಾದಿಯರ ಕಷ್ಟ ಇನ್ನೊಂದು ಬಗೆಯದು. ಸೌದಿಯಲ್ಲಿ 2012ರಲ್ಲಿ ಮೆರ್ಸ್ ವೈರಾಣು ಪತ್ತೆಯಾಯಿತು, 2020ರಲ್ಲಿ ಕೋವಿಡ್ ಬಂತು. ಕೈ ತೊಳೆಯುವುದೇ ಅವರ ವೃತ್ತಿಧರ್ಮ. ಎಲ್ಲಿಯವರೆಗೆ ಕರ್ತವ್ಯ, ಎಲ್ಲಿಂದ ಗೀಳು ಎಂಬ ಗೆರೆ ಅಲ್ಲಿ ಅಳಿಸಿಹೋಗುತ್ತದೆ. ಇದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೊಟ್ಟ ಕೈ ಶುಚಿತ್ವದ ಮಾರ್ಗಸೂಚಿಯೇ ಗೆರೆ. ರೋಗಿಯನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ ಎಂದು ಮೊದಲಾಗಿ ಅದರಲ್ಲಿ ಐದು ಸಂದರ್ಭಗಳಿವೆ. ಸಾಬೂನು ನೀರಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು. ಆ ಐದು ಸಂದರ್ಭಗಳು ವೈದ್ಯಶಾಸ್ತ್ರ. ಕರ್ತವ್ಯ ಮುಗಿಸಿ ವಸತಿಗೆ ಬಂದ ಮೇಲೂ ಒಂದು ತಾಸು ನಲ್ಲಿಯ ಕೆಳಗೆ ನಿಲ್ಲುವುದು ವಸ್ವಾಸ್.

ಹೆಚ್ಚು ತೊಳೆದರೆ ಹೆಚ್ಚು ರಕ್ಷಣೆ ಎಂಬುದೂ ನಿಜವಲ್ಲ. ಸಾಬೂನು ಚರ್ಮದ ಜಿಡ್ಡನ್ನು ತೆಗೆಯುತ್ತದೆ, ಒಣಗಾಳಿ ತೇವವನ್ನು ಹೀರುತ್ತದೆ. ಬಿರಿದ ಚರ್ಮದಲ್ಲಿ ರೋಗಾಣುಗಳು ಸುಲಭವಾಗಿ ನೆಲೆಸುತ್ತವೆ. ಕೆಲವರು ಬ್ಲೀಚನ್ನೇ ಮೈಗೆ ಬಳಸುತ್ತಾರೆ. ಇದು ಚರ್ಮವನ್ನು ಸುಡುತ್ತದೆ. ಶೌಚಾಲಯ ತೊಳೆಯುವ ಆಮ್ಲದೊಡನೆ ಬ್ಲೀಚ್ ಬೆರೆಸಿದರೆ ಕ್ಲೋರಿನ್ ವಿಷಾನಿಲ ಹೊರಡುತ್ತದೆ. ಗಾಳಿಯಾಡದ ಚಿಕ್ಕ ಬಚ್ಚಲಿನಲ್ಲಿ ಇದು ಪ್ರಾಣಾಪಾಯ.

ಸಮಾಧಾನವೂ ಒಂದು ತೊಳೆತ

ಈ ರೋಗದ ಯಂತ್ರ ಹೇಗೆ ತಿರುಗುತ್ತದೆ? ಬಾಗಿಲ ಹಿಡಿಕೆ ಮುಟ್ಟಿದಿರಿ. "ಕೊಳೆ ಅಂಟಿತು" ಎಂಬ ಆಲೋಚನೆ ಬಂತು, ಎದೆ ಹೊಡೆದುಕೊಂಡಿತು. ತೊಳೆದಿರಿ, ಹಾಯೆನಿಸಿತು. ಆ ಹಾಯೆನಿಸುವಿಕೆಯೇ ಬಲೆ. ತೊಳೆದದ್ದರಿಂದಲೇ ಬದುಕಿದೆ ಎಂದು ಮಿದುಳು ಪಾಠ ಕಲಿಯುತ್ತದೆ. ಮುಂದಿನ ಸಲ ಇನ್ನೂ ಜೋರಾಗಿ ಕೇಳುತ್ತದೆ.

ನಲ್ಲಿಯ ನೀರಿನಿಂದ ಮಾತ್ರ ಈ ಯಂತ್ರ ನಡೆಯುವುದಿಲ್ಲ. ದಾದಿಯೊಬ್ಬಳು ದಿನವೂ ರಾತ್ರಿ ಊರಿನ ತಾಯಿಗೆ ವಿಡಿಯೋ ಕರೆ ಮಾಡಿ, "ಅಮ್ಮಾ, ಇಷ್ಟಕ್ಕೆ ನನಗೇನೂ ಆಗುವುದಿಲ್ಲ ತಾನೇ?" ಎಂದು ಕೇಳುತ್ತಿದ್ದಳು. ತಾಯಿ "ಏನೂ ಆಗುವುದಿಲ್ಲ ಮಗಳೇ" ಎನ್ನುವಳು. ಅರ್ಧ ತಾಸಿಗೆ ಮತ್ತೆ ಕರೆ. ತಾಯಿಯದು ಪ್ರೀತಿಯೇ, ಸಂಶಯವಿಲ್ಲ. ಆದರೆ ಆ ಮಾತು ಮಗಳ ಪಾಲಿಗೆ ಮತ್ತೊಂದು ಸಲ ಕೈ ತೊಳೆದಂತೆ. ಬೈಯುವುದೂ ಮದ್ದಲ್ಲ, ಮತ್ತೆ ಮತ್ತೆ ಭರವಸೆ ಕೊಡುವುದೂ ಮದ್ದಲ್ಲ. ಮನೆಯವರು ಹೇಳಬಹುದಾದ ಮಾತು ಇಷ್ಟೇ: "ಇದು ಗೀಳು ಕೇಳಿಸುತ್ತಿರುವ ಪ್ರಶ್ನೆ. ಉತ್ತರ ಕೊಟ್ಟರೆ ಅದು ಬೆಳೆಯುತ್ತದೆ. ನಿನಗೆ ಕಷ್ಟವಾಗುತ್ತಿದೆ ಎಂದು ನನಗೆ ಗೊತ್ತು. ನಾನು ಇಲ್ಲೇ ಇದ್ದೇನೆ, ಬೇರೆ ಮಾತಾಡೋಣ." ಹೀಗೆ ಮಾಡುವುದನ್ನು ಮುಂಚಿತವಾಗಿ ಇಬ್ಬರೂ ಕೂತು ಒಪ್ಪಿಕೊಂಡಿರಬೇಕು. ದಿಢೀರನೆ ಉತ್ತರ ನಿಲ್ಲಿಸಿದರೆ ಅದು ಕೈಬಿಟ್ಟಂತೆ ಕಾಣುತ್ತದೆ.

ಚಿಕಿತ್ಸೆ

1966ರಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಲಂಡನ್ನಿನಲ್ಲಿ ಇಬ್ಬರು ಗೀಳು ರೋಗಿಗಳ ಚಿಕಿತ್ಸೆಯ ವರದಿ ಪ್ರಕಟಿಸಿದ. ಅವರಲ್ಲಿ ತೊಳೆಯುವ ಗೀಳಿನ ರೋಗಿಯ ಕೋಣೆಗೆ ಬರುವ ನೀರನ್ನೇ ನಿಲ್ಲಿಸಿ, ಆಕೆ ಹೆದರುವ ವಸ್ತುಗಳನ್ನು ಮುಟ್ಟಿಸಿ, ತೊಳೆಯದೆ ಇರುವಂತೆ ದಾದಿಯರು ನೋಡಿಕೊಂಡರು. ಭಯ ತಾನಾಗಿ ಇಳಿಯಿತು. ಇದೇ ಇಂದಿನ ಮುಖ್ಯ ಚಿಕಿತ್ಸೆಯ ಮೂಲ: ಭಯಕ್ಕೆ ಎದುರಾಗುವುದು, ಪ್ರತಿಕ್ರಿಯೆಯನ್ನು ತಡೆಯುವುದು.

ಹಾಗೆಂದು ಕೋಣೆಯ ಸಂಗಾತಿಗಳು ನಲ್ಲಿ ಕಟ್ಟಿದರೆ ಅದು ಚಿಕಿತ್ಸೆಯಾಗುವುದಿಲ್ಲ. ವಾಯಿತ್ ಬಾರದ ದಿನ ಆ ತರುಣ ಬಾಟಲಿ ನೀರು ಕೊಂಡು ತೊಳೆಯುತ್ತಿದ್ದ. ಹೆಜ್ಜೆಯನ್ನು ರೋಗಿಯೇ ಆರಿಸಿಕೊಳ್ಳಬೇಕು. ಇಂದು ಅದಕ್ಕೊಂದು ಏಣಿ ಮಾಡಿಕೊಳ್ಳುತ್ತಾರೆ. ಕೆಳಗಿನ ಮೆಟ್ಟಿಲು ತನ್ನದೇ ಕೋಣೆಯ ಬಾಗಿಲ ಹಿಡಿಕೆ. ಆಮೇಲೆ ಅಂಗಡಿಯ ಚಿಲ್ಲರೆ ನೋಟು. ಆಮೇಲೆ ಎಲ್ಲರೂ ಬಳಸುವ ಬಚ್ಚಲ ನಲ್ಲಿ. ಮುಟ್ಟಿ, ತೊಳೆಯದೆ, ಗಡಿಯಾರ ನೋಡುತ್ತಾ ಇರಬೇಕು. ಭಯ ಏರುತ್ತದೆ, ನಿಲ್ಲುತ್ತದೆ. ಸಾಮಾನ್ಯವಾಗಿ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಇಳಿಯದ ದಿನವೂ ವ್ಯರ್ಥವಲ್ಲ. ಭಯವಿದ್ದೂ ಬದುಕಬಹುದು ಎಂಬ ಪಾಠ ಅಂದು ಸಿಗುತ್ತದೆ. ಊಟಕ್ಕೆ ಮೊದಲು, ಶೌಚದ ನಂತರ ಒಮ್ಮೆ ತೊಳೆಯುವ ಎಲ್ಲರ ನಿಯಮವನ್ನು ಈ ಚಿಕಿತ್ಸೆ ಕಿತ್ತುಕೊಳ್ಳುವುದಿಲ್ಲ. ಆದರೆ ಅದು ಒಮ್ಮೆ ಮಾತ್ರ.

ಔಷಧಿಯೂ ಇದೆ. ಸೆರ್ಟ್ರಾಲಿನ್, ಫ್ಲುವಾಕ್ಸಮಿನ್, ಫ್ಲುಆಕ್ಸೆಟಿನ್ ಮೊದಲಾದವು ಮಿದುಳಿನ ಸೆರೊಟೋನಿನ್ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತವೆ. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಬಹುದು, ಗುಣ ಕಾಣಲು 8ರಿಂದ 12 ವಾರ ಹಿಡಿಯಬಹುದು. ಎರಡು ವಾರಕ್ಕೇ "ಗುಣವಿಲ್ಲ" ಎಂದು ಬಿಡುವವರೇ ನಮ್ಮಲ್ಲಿ ಹೆಚ್ಚು. ಚೆನ್ನಾದ ಮೇಲೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ರಜೆಗೆ ಬಂದು ಹೋಗುವಾಗ ಔಷಧಿಯ ಜೊತೆ ವೈದ್ಯರ ಚೀಟಿ ಇರಲಿ. ಆತಂಕಕ್ಕೆ, ನಿದ್ರೆಗೆ ಕೊಡುವ ಅಲ್ಪ್ರಾಜೋಲಾಂ, ಕ್ಲೋನಾಜೆಪಾಂ ಸೌದಿಯಲ್ಲಿ ನಿಯಂತ್ರಿತ ಔಷಧಿಗಳು. ಮುಂಚಿತ ಅನುಮತಿಯಿಲ್ಲದೆ ಒಯ್ಯಬೇಡಿ.

ಎಲ್ಲಿಗೆ ಹೋಗಬೇಕು?

ನಜ್ರಾನಿನಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಸೌದಿ ಆರೋಗ್ಯ ಸಚಿವಾಲಯದ 937 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಅರಬ್ಬಿ ಬಾರದವರು "ವಸ್ವಾಸ್ ಕಹ್ರಿ" ಎಂಬ ಎರಡು ಪದ ಕಲಿತರೂ ಸಾಕು, ವೈದ್ಯರಿಗೆ ಅರ್ಥವಾಗುತ್ತದೆ. ಊರಿಗೆ ಬಂದಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗಕ್ಕೇ ಮೀಸಲಾದ ಕ್ಲಿನಿಕ್ ಇದೆ. ಊರಿನ ಮನೆಯವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಸಲಹೆ ಸಿಗುತ್ತದೆ. ಸಾಯುವ ಮಾತು ಬಂದರೆ ಕಾಯಬೇಡಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ರಾತ್ರಿ ಒಬ್ಬರನ್ನೇ ಬಿಡಬೇಡಿ.

ಸಂಘದ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಕೋಣೆಯಲ್ಲಿ, ನಿಮ್ಮ ವಾರ್ಡಿನಲ್ಲಿ ಯಾರದಾದರೂ ಬಚ್ಚಲ ಬಾಗಿಲು ಗಂಟೆಗಟ್ಟಲೆ ಮುಚ್ಚಿದ್ದರೆ, ಅದನ್ನು ತಟ್ಟಿ ಜಗಳಕ್ಕೆ ನಿಲ್ಲುವ ಮೊದಲು ಅವರ ಕೈಗಳನ್ನೊಮ್ಮೆ ನೋಡಿ. ಆ ತರುಣನ ಕೈಗಳನ್ನು ಮೊದಲು ಗಮನಿಸಿ ನನ್ನಲ್ಲಿಗೆ ಕರೆತಂದದ್ದು ಆತನನ್ನು ಕೋಣೆ ಬಿಡಿಸಿದ ಐವರಲ್ಲೇ ಒಬ್ಬ. ಔಷಧಿ ಮತ್ತು ಏಣಿ ಎರಡೂ ಸೇರಿ ಆರು ತಿಂಗಳಲ್ಲಿ ಆತನ ಸ್ನಾನ ಹದಿನೈದು ನಿಮಿಷಕ್ಕೆ ಇಳಿಯಿತು. ಸಂಶಯ ಪೂರ್ತಿ ಹೋಗಿರಲಿಲ್ಲ. ಅದರ ಮಾತು ಕೇಳುವುದನ್ನು ಆತ ಬಿಟ್ಟಿದ್ದ. ಕೆಲಸ ಉಳಿಯಿತು.