ಒಂದು ಕೆಮ್ಮು, ಹನ್ನೆರಡು ಸ್ವರ

1986ರ ಹಾಲಿವುಡ್ ಸಿನಿಮಾ 'ಫೆರಿಸ್ ಬ್ಯೂಲರ್ಸ್ ಡೇ ಆಫ್'ನ ನಾಯಕ, ಕಾಯಿಲೆಯ ನಾಟಕವಾಡಿ ಶಾಲೆಗೆ ಚಕ್ಕರ್ ಹೊಡೆಯುವ ಹುಡುಗ. ಅವನ ಕೋಣೆಯಲ್ಲೊಂದು ಕೀಬೋರ್ಡು. ಒಂದು ಕೀ ಒತ್ತಿದರೆ ಕೆಮ್ಮು. ಬೇರೊಂದನ್ನು ಒತ್ತಿದರೆ ಅದೇ ಕೆಮ್ಮು, ಆದರೆ ಬೇರೆ ಸ್ವರದಲ್ಲಿ. ಆ ಯಂತ್ರದ ಹೆಸರು ಎಮ್ಯುಲೇಟರ್-2. ಬೆಲೆ ಸಾವಿರಾರು ಡಾಲರ್. ಅಷ್ಟು ದುಬಾರಿ ವಾದ್ಯ ಶಾಲಾ ಹುಡುಗನಿಗೆ ಹೇಗೆ ದಕ್ಕಿತು ಎಂದು ಸಿನಿಮಾದಲ್ಲಿ ಕೇಳಬಾರದು.

ಅಷ್ಟು ದುಡ್ಡಿಲ್ಲದವರಿಗೆಂದೇ ಅದೇ ದಶಕದಲ್ಲಿ ಕ್ಯಾಸಿಯೊ ಎಸ್‌ಕೆ-1 ಬಂತು. 32 ಪುಟ್ಟ ಕೀ, ಮೈಮೇಲೊಂದು ಮೈಕು, ಸುಮಾರು 1.4 ಸೆಕೆಂಡಿನಷ್ಟು ನೆನಪು. ಮೈಕಿನೆದುರು 'ಅಮ್ಮಾ' ಎಂದು ಕೂಗಿದರೆ ಅದೇ ಕೂಗನ್ನು ಎಲ್ಲ ಕೀಗಳಿಗೂ ಹಂಚಿಬಿಡುತ್ತಿತ್ತು. ಬಲಕ್ಕೆ ಸರಿದಷ್ಟೂ ಅದು ಇಲಿಮರಿಯ ಕೀಚಲು, ಎಡಕ್ಕೆ ಸರಿದಷ್ಟೂ ಯಕ್ಷಗಾನದ ಬಣ್ಣದ ವೇಷದ ಅಬ್ಬರ.

ಇದರ ಗುಟ್ಟು ವೇಗ. ಸ್ಯಾಂಪ್ಲರ್ ಎಂಬ ಈ ಯಂತ್ರ ಧ್ವನಿಯನ್ನು ಅಂಕಿಗಳ ಉದ್ದನೆಯ ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಸಾಲನ್ನು ಬೇಗ ಓದಿದರೆ ಕಂಪನ ಹೆಚ್ಚಿ ಶ್ರುತಿ ಏರುತ್ತದೆ, ನಿಧಾನವಾಗಿ ಓದಿದರೆ ಇಳಿಯುತ್ತದೆ. ಬ್ಯಾಟರಿ ಸೋತ ಟೇಪ್ ರೆಕಾರ್ಡರಿನಲ್ಲಿ ಗಾಯಕಿಯ ದನಿ ಗಡಸಾಗುತ್ತಿತ್ತಲ್ಲ, ಅದೇ ಲೆಕ್ಕ. ಒಂದು ಸ್ವರಸ್ಥಾನ ಮೇಲೇರಲು ವೇಗ ಸುಮಾರು 1.0595 ಪಟ್ಟಾಗಬೇಕು. ಹೀಗೆ 12 ಸಲ ಗುಣಿಸಿದರೆ ಸರಿಯಾಗಿ ಎರಡು ಪಟ್ಟು, ಅಂದರೆ ಒಂದು ಸ್ಥಾಯಿ. ಆದರೆ ವೇಗ ಇಮ್ಮಡಿಯಾದಾಗ ಧ್ವನಿಯ ಆಯುಸ್ಸು ಅರ್ಧವಾಗುತ್ತದೆ. ಒಂದು ಸೆಕೆಂಡಿನ 'ಅಮ್ಮಾ' ಮೇಲಿನ ಸ್ಥಾಯಿಯಲ್ಲಿ ಅರ್ಧವೇ ಸೆಕೆಂಡಿಗೆ ಮುಗಿಯುತ್ತದೆ.

ಇನ್ನು, ರೆಕಾರ್ಡ್ ಆದದ್ದು ಯಾವ ಸ್ವರ ಎಂದು ಯಂತ್ರಕ್ಕೆ ತಾನಾಗಿ ತಿಳಿಯಬೇಕೆಂದೇನಿಲ್ಲ. ನುಡಿಸುವವರು ಹೇಳಿಕೊಡಬೇಕು. ಅಡುಗೆಮನೆಯ ಚೊಂಬಿಗೆ ಚಮಚದಿಂದ ಹೊಡೆದ ಸದ್ದನ್ನು ತುಂಬಿಕೊಂಡಿದ್ದಾರೆ ಎನ್ನಿ. ಅದರ ಮುಖ್ಯ ಕಂಪನ ಸೆಕೆಂಡಿಗೆ 450. ಕೀಬೋರ್ಡಿನಲ್ಲಿ ಅದಕ್ಕೆ ತೀರ ಹತ್ತಿರದ್ದು 440ರ 'ಎ'. ಈ ಸದ್ದಿನ ತವರುಮನೆ 'ಎ' ಎಂದು ಮೊದಲು ಗುರುತು ಹಾಕಬೇಕು. ಇದಕ್ಕೆ ರೂಟ್ ಕೀ ಎನ್ನುತ್ತಾರೆ. ಉಳಿದ ಹತ್ತು ಕಂಪನಗಳ ಹೆಚ್ಚಳವನ್ನು ಫೈನ್ ಟ್ಯೂನ್‌ನಲ್ಲಿ ಇಳಿಸಬೇಕು. ಅಲ್ಲಿ ಒಂದು ಸ್ವರಸ್ಥಾನಕ್ಕೆ 100 ಸೆಂಟ್. ಈ ಚೊಂಬಿಗೆ ಸುಮಾರು 39 ಸೆಂಟ್ ಇಳಿಸಿದರೆ ಸರಿಹೋಗುತ್ತದೆ. ಲೋಹದ ಪಾತ್ರೆಯ ಸದ್ದಿನಲ್ಲಿ ಹೊಂದಿಕೆಯಿಲ್ಲದ ಉಪಸ್ವರಗಳು ಸಾಕಷ್ಟಿರುವುದರಿಂದ ಟ್ಯೂನರಿನ ಮುಳ್ಳು ತಬ್ಬಿಬ್ಬಾಗುವುದುಂಟು. ಆಗ ಕಿವಿಯೇ ಗಟ್ಟಿ. ಸರಿಯಾದ 'ಎ' ಸ್ವರವನ್ನು ಜೊತೆಗೆ ನುಡಿಸಿದರೆ ಸೆಕೆಂಡಿಗೆ ಹತ್ತು ಸಲ ಅಲೆಯಂತೆ ತುಯ್ದಾಟ ಕೇಳುತ್ತದೆ. ಶ್ರುತಿ ಹತ್ತಿರವಾದಂತೆ ಅಲೆ ನಿಧಾನವಾಗಿ, ಕೂಡಿದಾಗ ನಿಲ್ಲುತ್ತದೆ. ತಂಬೂರಿಯ ತಂತಿ ಸೇರಿಸುವವರು ಕೇಳುವುದೂ ಇದನ್ನೇ.

ವೇಗಕ್ಕೂ ಶ್ರುತಿಗೂ ಇರುವ ಈ ಗಂಟನ್ನು ಲಾಭಕ್ಕೆ ತಿರುಗಿಸಿಕೊಂಡವರು ಅಮೆರಿಕದ ಹಿಪ್-ಹಾಪ್ ಹುಡುಗರು. 1987ರ ಎಸ್‌ಪಿ-1200 ಯಂತ್ರದಲ್ಲಿ ಜಾಗವಿದ್ದದ್ದು ಹತ್ತೇ ಸೆಕೆಂಡಿಗೆ. ಅವರು ನಿಮಿಷಕ್ಕೆ 33 ಸುತ್ತಿನ ಗ್ರಾಮಫೋನ್ ತಟ್ಟೆಯನ್ನು 45ರ ವೇಗದಲ್ಲಿ ಓಡಿಸಿ ರೆಕಾರ್ಡ್ ಮಾಡಿಕೊಂಡರು, ಆಮೇಲೆ ಯಂತ್ರದೊಳಗೆ ಸುಮಾರು ಐದು ಸ್ವರಸ್ಥಾನ ಕೆಳಗಿಳಿಸಿದರು. ಹತ್ತು ಸೆಕೆಂಡಿನ ಜಾಗದಲ್ಲಿ ಹದಿಮೂರು ಸೆಕೆಂಡಿನ ಸಂಗೀತ! ಇಳಿಸಿದ ಸದ್ದು ತುಸು ಒರಟಾಗುತ್ತಿತ್ತು. ಯಂತ್ರದ ದೋಷವಾಗಿದ್ದ ಆ ಒರಟುತನವೇ ಆಮೇಲೆ ರುಚಿಯಾಗಿ, ಅದನ್ನು ಮರಳಿ ತರಲು ಈಗ ಸಾಫ್ಟ್‌ವೇರ್ ಕೊಳ್ಳುತ್ತಾರೆ.

ಎಲ್ಲ ಧ್ವನಿಯೂ ಹೀಗೆ ಎಳೆದಾಟಕ್ಕೆ ಬಗ್ಗುವುದಿಲ್ಲ. ಮನುಷ್ಯರ ದನಿಯಲ್ಲಿ ಗಂಟಲು, ಬಾಯಿಗಳ ಆಕಾರದ ಅಚ್ಚಿರುತ್ತದೆ. ವೇಗ ಹೆಚ್ಚಿಸಿದರೆ ಅದೂ ಮೇಲೆ ಸರಿಯುವುದರಿಂದ ಹಾಡುವವರು ಕುಬ್ಜರಾದಂತೆ ಕೇಳುತ್ತದೆ. ತಂಬೂರಿಯದು ಇನ್ನೊಂದು ಪಾಡು. ಒಂದು ಮನೆ (ಕೀಬೋರ್ಡಿನ 'ಸಿ') ಶ್ರುತಿಯಲ್ಲಿ ಮೀಟಿ ರೆಕಾರ್ಡ್ ಮಾಡಿದ್ದನ್ನು ಐದು ಮನೆಯಲ್ಲಿ ('ಜಿ') ಹಾಡುವವರಿಗೆಂದು ಏರಿಸಿದರೆ ವೇಗ ಒಂದೂವರೆ ಪಟ್ಟಾಗುತ್ತದೆ. ಮೀಟುವ ಬೆರಳಿಗೆ ರೈಲು ತಪ್ಪುವ ಅವಸರ ಬಂದಂತಾಗುತ್ತದೆ. ಜೀವಾಳದ ದಾರದಿಂದ ಹುಟ್ಟಿದ ಝೇಂಕಾರ ಸಣಕಲಾಗುತ್ತದೆ. ಈಗಿನ ಸಾಫ್ಟ್‌ವೇರ್ ಧ್ವನಿಯನ್ನು ಚೂರುಚೂರು ಮಾಡಿ ಮರುಜೋಡಿಸಿ, ಕಾಲ ಬದಲಿಸದೆ ಶ್ರುತಿಯೊಂದನ್ನೇ ಸರಿಸಬಲ್ಲದು. ಆದರೂ ದೂರ ಎಳೆದರೆ ಹೊಲಿಗೆ ಕಾಣುತ್ತದೆ. ಅದಕ್ಕಿಂತ ಪ್ರತಿ ಮೂರು-ನಾಲ್ಕು ಕೀಗೊಂದು ಹೊಸ ರೆಕಾರ್ಡಿಂಗ್ ಇಟ್ಟು, ಒಂದೊಂದನ್ನೂ ಅಕ್ಕಪಕ್ಕಕ್ಕಷ್ಟೇ ಎಳೆಯುವುದು ವಾಸಿ.

ಆ ಜಾಣತನವನ್ನು ಕೊನೆಮುಟ್ಟಿಸಿದ ವಾದ್ಯ ಇಂಥ ಡಿಜಿಟಲ್ ಯಂತ್ರಗಳ ಕಾಲಕ್ಕೂ ಮುಂಚಿನದು: 1960ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ ಮೆಲೊಟ್ರಾನ್. ಅದರಲ್ಲಿ ಪ್ರತಿ ಕೀಯ ಕೆಳಗೂ ಬೇರೆಯೇ ಟೇಪು, ಅದರ ಮೇಲೆ ಅದೇ ಸ್ವರದಲ್ಲಿ ನಿಜವಾಗಿ ನುಡಿಸಿದ ಕೊಳಲೋ ಪಿಟೀಲೋ. ಬೀಟಲ್ಸ್ ತಂಡದ 1967ರ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಶುರುವಾಗುವುದು ಅದರ ಕೊಳಲಿನಿಂದಲೇ. ಅದೇ ಹಾಡಿನಲ್ಲಿ ಬೇರೆ ಬೇರೆ ಶ್ರುತಿ, ವೇಗಗಳ ಎರಡು ರೆಕಾರ್ಡಿಂಗ್‌ಗಳನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಟೇಪಿನ ವೇಗ ಹೊಂದಿಸಿ ಬೆಸೆದದ್ದು ತಮಾಷೆಯ ಕಾಕತಾಳೀಯ. ಟೇಪಿನ ಉದ್ದಕ್ಕೆ ಮಿತಿಯಿದ್ದುದರಿಂದ ಮೆಲೊಟ್ರಾನಿನ ಸ್ವರ ಎಂಟು ಸೆಕೆಂಡಿನ ಆಸುಪಾಸಿನಲ್ಲಿ ನಿಂತುಹೋಗುತ್ತಿತ್ತು. ಇಂದಿನ ಡಿಜಿಟಲ್ ಮೆಲೊಟ್ರಾನ್‌ನಲ್ಲಿ ಟೇಪಿಲ್ಲ, ಹಳೆಯ ಟೇಪಿನ ಒಂದೊಂದು ಸ್ವರವನ್ನೂ ಪ್ರತ್ಯೇಕವಾಗಿ ತುಂಬಿದ್ದಾರೆ. ಎಂಟು ಸೆಕೆಂಡಾದ ಮೇಲೆ ಅದೂ ಸುಮ್ಮನಾಗುತ್ತದೆ.