ಮೂಕಚಿತ್ರಗಳ ಮನೆಗೆ ಮಾತು ಕೊಡುವವರಾರು?

ಭಂಕೂರ, ಶಹಾಬಾದಗಳು ಕಲ್ಲಿನ ಗಣಿಗಳ ಸೀಮೆ. ಕಟ್ಟಡವೊಂದನ್ನು ಕಂಡೊಡನೆ ಅದಕ್ಕೆಷ್ಟು ಫರಸಿ ಹಿಡಿದಿರಬೇಕೆಂದು ಅಂದಾಜು ಕಟ್ಟುವುದು ಇಲ್ಲಿಯವರಿಗೆ ಸಹಜವಾದುದು. ಆದರೆ ಕಲ್ಲಿನ ಲೆಕ್ಕಕ್ಕೆ ನಿಲುಕದ ಬೆಲೆಯೂ ಕೆಲವು ಕಟ್ಟಡಗಳಿಗಿರುತ್ತದೆ. ಇದಕ್ಕೆ ನಿದರ್ಶನವಾಗಿ ಬೆಂಗಳೂರಿನ ಎಲ್ಜಿನ್ ಟಾಕೀಸಿನ ಚರಿತ್ರೆಯನ್ನು ವಾಚಕರ ಮುಂದಿಡಬಯಸುತ್ತೇವೆ.

ಬೆಂಗಳೂರಿನ ದಂಡಿನ ಪ್ರದೇಶದಲ್ಲಿ, ಈಗಿನ ಶಿವಾಜಿನಗರದಲ್ಲಿ, 1896ರಲ್ಲಿ ಈ ಮಂದಿರವು ನಾಟಕಗೃಹವಾಗಿ ಹುಟ್ಟಿತು. ಅದೇ ವರ್ಷದ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೊಟೇಲಿನಲ್ಲಿ ಫ್ರಾನ್ಸಿನ ಲ್ಯೂಮಿಯೇರ್ ಸೋದರರ ಚಲಚ್ಚಿತ್ರಗಳು ನಮ್ಮ ದೇಶದಲ್ಲಿ ಮೊಟ್ಟಮೊದಲು ಪ್ರದರ್ಶಿತವಾದವು. ಮುಂದೆ ಎಲ್ಜಿನ್ನಿನ ರಂಗಸ್ಥಳದಲ್ಲಿಯೂ ಬಿಳಿಯ ಪರದೆ ಇಳಿಯಿತು.

ಅಂದಿನ ಚಿತ್ರಗಳಿಗೆ ಬಾಯಿಯಿರಲಿಲ್ಲ. ಯಂತ್ರವನ್ನು ಕೈಯಿಂದ ತಿರುಗಿಸುತ್ತಿದ್ದರು. ಪರದೆಯ ಪಕ್ಕದಲ್ಲಿ ಹಾರ್ಮೋನಿಯಂ, ತಬಲಾಗಳು ನುಡಿಯುತ್ತಿದ್ದವು. ಚಿತ್ರದ ನಡುನಡುವೆ ಮೂಡುವ ಬರಹವನ್ನು ಓದಬಲ್ಲವನೊಬ್ಬನು ಜನರ ನುಡಿಗೆ ತಿರುಗಿಸಿ ಕೂಗಿ ಹೇಳುವ ರೂಢಿಯು ದೇಶದ ಅನೇಕ ಮಂದಿರಗಳಲ್ಲಿತ್ತು. ಅಕ್ಷರವರಿಯದ ಕೂಲಿಕಾರನೂ ಕುರ್ಚಿಯ ಅಧಿಕಾರಿಯೂ ಒಂದೇ ಕಥೆಗೆ ಒಟ್ಟಿಗೆ ನಕ್ಕು, ಒಟ್ಟಿಗೆ ಕಣ್ಣೊರೆಸಿಕೊಂಡರು. ಇಂಥ ಸಮಾನತೆಯನ್ನು ಸಭೆ-ಸಮ್ಮೇಳನಗಳೂ ಅಷ್ಟು ಸುಲಭವಾಗಿ ತಂದುಕೊಡಲಾರವು.

1931ರಲ್ಲಿ 'ಆಲಂ ಆರಾ' ಚಿತ್ರದೊಡನೆ ಪರದೆಯು ಹಿಂದುಸ್ಥಾನಿಯಲ್ಲಿ ಮಾತನಾಡಿತು. ಕನ್ನಡವು ಚಿತ್ರದಲ್ಲಿ ಕೇಳಿಸಲು 1934ರ 'ಸತಿ ಸುಲೋಚನಾ' ಬರಬೇಕಾಯಿತು. ಅದೂ ಕೊಲ್ಹಾಪುರದಲ್ಲಿ ತಯಾರಾಗಿ ಬೆಂಗಳೂರಿನಲ್ಲಿ ತೆರೆ ಕಂಡಿತು. ಇಂದು ಆ ಚಿತ್ರದ ಪ್ರತಿಯೇ ಇಲ್ಲ! ದೇಶದಲ್ಲಿ ತಯಾರಾದ 1,300ಕ್ಕೂ ಮಿಕ್ಕ ಮೂಕಚಿತ್ರಗಳಲ್ಲಿ ಉಳಿದವು ತೀರ ಸ್ವಲ್ಪ. ನೈಟ್ರೇಟ್ ಸುರುಳಿಗಳು ಕೆಲವು ಬೆಂಕಿಗೆ ಆಹುತಿಯಾದವು; ಕೆಲವನ್ನು ಬೆಳ್ಳಿಯಾಸೆಗೆ ಕರಗಿಸಿದರು.

ಎಲ್ಜಿನ್ನಿನಲ್ಲಿ ಈಗ ಆಟವಿಲ್ಲ. ಅದೊಂದರ ಗತಿಗಾಗಿ ನಾವು ಮರುಗುತ್ತಿಲ್ಲ. ಮುಚ್ಚುವುದೂ ಕಟ್ಟುವುದೂ ವ್ಯಾಪಾರದ ನಿಯಮ. ಆದರೆ ಚಿತ್ರವೂ ಹೋಗಿ, ಮನೆಯೂ ಹೋಗಿ, ನೆನಪೂ ಹೋದರೆ ನಮ್ಮ ಹಿರಿಯರು ಯಾವುದಕ್ಕೆ ನಕ್ಕರು, ಯಾವುದಕ್ಕೆ ಅತ್ತರೆಂದು ಮಕ್ಕಳಿಗೆ ಹೇಳುವವರಾರು? ರಾಜರ ಕೋಟೆಗಳಿಗೆ ಕಾವಲಿದೆ. ಪ್ರಜೆಗಳ ಸಂತೋಷದ ಮನೆಗೆ ಒಂದು ಫಲಕವೂ ಇಲ್ಲ.

ಆದುದರಿಂದ ಪುರಸಭೆಗಳ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯಿದು: ಹಳೆಯ ಚಿತ್ರಮಂದಿರಗಳ ಪರವಾನಗಿ ಕಡತಗಳನ್ನು ರದ್ದಿಗೆ ಹಾಕಬೇಡಿರಿ. ಮಾಲಕರು ಹಳೆಯ ಯಂತ್ರ, ಹಸ್ತಪತ್ರಿಕೆ, ಟಿಕೇಟುಗಳನ್ನು ಕಾಪಾಡಲಿ. ಮುಪ್ಪಿನ ಆಪರೇಟರರ ಬಾಯಿಂದ ಹಿಂದಿನವರ ಕಥೆಗಳನ್ನು ತರುಣರು ಬರೆದುಕೊಳ್ಳಲಿ. ಇದಕ್ಕೆ ಹಣ ಬೇಕಾಗಿಲ್ಲ, ಮನಸ್ಸು ಬೇಕು. ಒಡೆದ ಫರಸಿಗೆ ಬದಲು ಫರಸಿ ದೊರೆತೀತು, ಅಳಿದ ನೆನಪಿಗೆ ಬದಲಿಲ್ಲ.